ದೇವರ ಗೂಡಿನ ಮೂರು ಗೋಲಿಗಳು

ಧರ್ಮಪುರದ ಕಡೆಯಿಂದ ವರ್ಗ ಮಾಡಿಸಿಕೊಂಡು ಹೋಗಲು ಓಡಾಡುವವರನ್ನು ಆರೋಗ್ಯ ಇಲಾಖೆಯವರು ಬೇಕಾದಷ್ಟು ಕಂಡಿದ್ದರು. ಅಲ್ಲಿಗೇ ಹಾಕಿ ಎಂದು ಕೇಳಿಕೊಂಡು ಬಂದವರು ನರ್ಸ್ ಏಕಾಂತಮ್ಮ ಒಬ್ಬರೇ. ರಾಮಗಿರಿಯಲ್ಲಿ ಸ್ವಂತ ಮನೆ, ಕೂಗಳತೆಯಲ್ಲಿ ರೈಲು ನಿಲ್ದಾಣ. ಎಲ್ಲ ಬಿಟ್ಟು ಈ ಶೇಂಗಾ ಸೀಮೆಗೆ ಯಾಕೆ ಬಂದಿರಿ ಎಂದು ಯಾರು ಕೇಳಿದರೂ "ಇಲ್ಲಿ ಗಾಳಿ ಚೆನ್ನಾಗೈತೆ" ಎಂದು ಮಾತು ಮುಗಿಸುತ್ತಿದ್ದರು. ಅವರು ಬಂದದ್ದು ೧೯೯೭ರಲ್ಲಿ, ಗಂಡ ತೀರಿಕೊಂಡ ಮೂರು ತಿಂಗಳಿಗೆ. ಊರಿಗೆ ಗೊತ್ತಿದ್ದದ್ದು ಅಷ್ಟೇ.

ಅವರ ಬಾಯಿ ಮಾತ್ರ ಊರಿಗೆಲ್ಲ ಗೊತ್ತಿತ್ತು. ಚುಚ್ಚುಮದ್ದಿಗೆ ಹೆದರಿ ಕೂಸನ್ನು ಬಣವೆಯ ಹಿಂದೆ ಬಚ್ಚಿಟ್ಟವರನ್ನು ನಡುಬೀದಿಯಲ್ಲೇ ನಿಲ್ಲಿಸಿ ನೀರಿಳಿಸುತ್ತಿದ್ದರು. ಮಧ್ಯಾಹ್ನ ಅದೇ ಮನೆಯಲ್ಲಿ ಕೂತು ಮುದ್ದೆ ಉಣ್ಣುತ್ತಿದ್ದರು. ಜನ ಅವರಿಗೆ ಹೆದರುತ್ತಿದ್ದರು, ಎರಡು ದಿನ ಕಾಣದಿದ್ದರೆ ಹುಡುಕಿಕೊಂಡೂ ಬರುತ್ತಿದ್ದರು.

೧೯೯೯ರ ಚಳಿಗಾಲದಲ್ಲಿ ಕುರಿ ಕಾಯುವ ಚಿತ್ತಪ್ಪನಿಗೆ ಬೆಂಗಳೂರಿನಲ್ಲಿ ಎದೆ ತೆರೆದು ಹೃದಯದ ಕವಾಟ ಬದಲಿಸಿ ಕಳಿಸಿದ್ದರು. ಅವನು ಊರಿಗೆ ಬಂದ ಒಂಬತ್ತನೆಯ ದಿನ ಏಕಾಂತಮ್ಮ ನೋಡಲು ಹೋದರು. ನಡುಮನೆಯಲ್ಲಿ ಅವನಿರಲಿಲ್ಲ, ಒಳಗಿನ ಕತ್ತಲೆ ಕೋಣೆಯಲ್ಲಿದ್ದ. ಕಿಟಕಿಗೆ ಗೋಣಿಚೀಲ, ಕಿವಿಗೆ ಹತ್ತಿ, ತಲೆಗೆ ಮಫ್ಲರ್, ಮೈಮೇಲೆ ಎರಡು ಕಂಬಳಿ, ಮಂಚದ ಪಕ್ಕದಲ್ಲಿ ಸಾಂಬ್ರಾಣಿ ಹೊಗೆ. ಅವನ ತಾಯಿ ತಿಪ್ಪಕ್ಕ ಹನ್ನೊಂದು ಬಾಣಂತನ ಮಾಡಿ ಸೈ ಎನಿಸಿಕೊಂಡವಳು. ಮೈ ಕೊಯ್ಸಿಕೊಂಡವರಿಗೂ ಬಾಣಂತಿಯ ಪಥ್ಯವೇ ಸರಿ ಎಂದು, ನಲವತ್ತು ವರ್ಷದ ಮೀಸೆ ಹೊತ್ತ ಮಗನಿಗೆ ಹನ್ನೆರಡನೆಯದನ್ನು ಶುರು ಮಾಡಿದ್ದಳು. ಮೂರು ತಿಂಗಳು ಅವನು ಹೊಸಿಲು ದಾಟುವಂತಿರಲಿಲ್ಲ.

"ಏನಪ್ಪ ಚಿತ್ತಪ್ಪ, ಹೆಣ್ಣೋ ಗಂಡೋ?" ಎಂದರು ಏಕಾಂತಮ್ಮ.

ಅವನ ಹೆಂಡತಿ ನಾಗಕ್ಕ ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕಳು. ಚಿತ್ತಪ್ಪನಿಗೂ ನಗು ಬಂತು, ನಗುವಿನ ಹಿಂದೆಯೇ ಕೆಮ್ಮು ಬಂತು. ಅವನು ಹಲ್ಲು ಕಚ್ಚಿ ಕೆಮ್ಮನ್ನು ನುಂಗಿದ. ಏಕಾಂತಮ್ಮನ ತಮಾಷೆ ಅಲ್ಲಿಗೆ ನಿಂತಿತು. ಗಡಿಯಾರ ನೋಡುತ್ತ ಅವನ ಉಸಿರು ಎಣಿಸಿದರು. ನಿಮಿಷಕ್ಕೆ ಇಪ್ಪತ್ತಾರು. ಮೈ ಬೆಚ್ಚಗಿತ್ತು.

"ಕೆಮ್ಮು ಯಾಕೆ ನುಂಗ್ತೀಯ?"

"ಕೆಮ್ಮಿದ್ರೆ ಎದೆ ಸೀಳ್ದಂಗಾಗ್ತೈತೆ ಸಿಸ್ಟರೇ. ಎಲುಬಿಗೆ ತಂತಿ ಹಾಕಿ ಹೊಲ್ದವ್ರಂತೆ. ಕಿತ್ಕಂಡ್ರೆ ಏನು ಗತಿ?"

"ಆಸ್ಪತ್ರೇಲಿ ಒಂದು ಡಬ್ಬಿ ಕೊಟ್ಟಿರ್ಬೇಕಲ್ಲ? ಕೊಳವೆ ಬಾಯಲ್ಲಿಟ್ಕಂಡು ಉಸಿರೆಳೆದ್ರೆ ಒಳಗಿನ ಮೂರು ಗೋಲಿ ಮೇಲೇಳ್ತವೆ. ಎಲ್ಲೈತೆ ಅದು?"

ನಾಗಕ್ಕ ದೇವರ ಗೂಡಿನ ಕಡೆ ನೋಡಿದಳು. ಮನೆದೇವರ ಬೆಳ್ಳಿ ಮುಖದ ಪಕ್ಕದಲ್ಲಿ ಆ ಪ್ಲಾಸ್ಟಿಕ್ ಡಬ್ಬಿ ಕೂತಿತ್ತು. ಮೈತುಂಬ ಅರಿಸಿನ ಕುಂಕುಮ, ನೆತ್ತಿಯ ಮೇಲೆ ಕಣಗಿಲೆ ಹೂವು.

"ಮಗನ ಜೀವ ಉಳಿಸಿ ಅವನ ಸಂಗಡ ಮನೆಗೆ ಬಂದದ್ದು. ಅದಕ್ಕೇ ಅಲ್ಲಿಟ್ಟೀನಿ" ಎಂದಳು ತಿಪ್ಪಕ್ಕ.

"ಇಳಿಸಜ್ಜಿ. ಅವನ ಬಾಯಿಗೆ ಕೊಡು."

"ಗೂಡು ಸೇರಿದ್ದನ್ನ ಎಂಜಲು ಮಾಡೋಕಾಗ್ತೈತೇನಮ್ಮ? ಹೆಂಡ್ತಿ ಗಂಡನ ಎಂಜಲು ತಿಂದಾಳು, ದೇವ್ರು ತಿಂತೈತಾ?"

ಏಕಾಂತಮ್ಮ ಬೀದಿಗೆ ಕೇಳುವಂತೆ ಕೂಗಾಡಿದರು. ತಿಪ್ಪಕ್ಕ ಜಪ್ಪಯ್ಯ ಅಂದರೂ ಬಗ್ಗಲಿಲ್ಲ. ಮರುದಿನ ಏಕಾಂತಮ್ಮ ಧರ್ಮಪುರದಿಂದ ಡಾಕ್ಟರನ್ನೇ ಕರೆತಂದರು. ಡಾಕ್ಟರು ಚಿತ್ತಪ್ಪನ ಬೆನ್ನಿಗೆ ಸ್ಟೆತಾಸ್ಕೋಪ್ ಇಟ್ಟು ಕೇಳಿ, ಮಾತ್ರೆ ಬರೆದುಕೊಟ್ಟು ಮನೆಯವರಿಗೆಲ್ಲ ಬಿಡಿಸಿ ಹೇಳಿದರು. ಶ್ವಾಸಕೋಶದ ತಳಕ್ಕೆ ಗಾಳಿಯೇ ಹೋಗುತ್ತಿಲ್ಲ, ಕಫ ಕಟ್ಟುತ್ತಿದೆ. ಎರಡು ದಿನದಲ್ಲಿ ಅವನು ಎದ್ದು ನಡೆದು, ಉಸಿರೆಳೆದು, ಕೆಮ್ಮಿ ಕಫ ಹೊರಗೆ ಹಾಕದಿದ್ದರೆ ಮತ್ತೆ ಬೆಂಗಳೂರೇ ಗತಿ, ಆಗ ಉಳಿಯುತ್ತಾನೆಂದು ಯಾರೂ ಮಾತು ಕೊಡಲಾರರು. ತಿಪ್ಪಕ್ಕ ಎಲ್ಲ ಕೇಳಿ, ಡಾಕ್ಟರಿಗೆ ಮಜ್ಜಿಗೆ ಕೊಟ್ಟು ಕಳಿಸಿ, ಕಿಟಕಿಯ ಗೋಣಿಚೀಲವನ್ನು ಸರಿಮಾಡಿದಳು.

ಅದರ ಮಾರನೆಯ ದಿನ ಉಸಿರು ಮೂವತ್ತಕ್ಕೆ ಬಂದಿತ್ತು. ಏಕಾಂತಮ್ಮ ಈ ಸಲ ಕೂಗಾಡಲಿಲ್ಲ. ತಮ್ಮ ಔಷಧಿ ಚೀಲವನ್ನು ಗೋಡೆಗೊರಗಿಸಿ ತಿಪ್ಪಕ್ಕನ ಎದುರು ನೆಲದ ಮೇಲೆ ಕೂತರು.

"ಅಜ್ಜಿ, ನಮ್ಮ ಮೇಷ್ಟ್ರು ಹೆಂಗೆ ಹೋದ್ರು ಗೊತ್ತಾ?"

ಮೇಷ್ಟ್ರು ಎಂದರೆ ಅವರ ಗಂಡ ಶಿವಕುಮಾರಪ್ಪ, ರಾಮಗಿರಿಯಲ್ಲಿ ಶಾಲೆ ಮಾಸ್ತರರಾಗಿದ್ದವರು.

"ಅವರಿಗೂ ಹೃದಯದ ಆಪರೇಷನ್ನೇ. ಚೆನ್ನಾಗೇ ಆಗಿತ್ತು. ಇಂಥದೇ ಡಬ್ಬಿ ಕೊಟ್ಟು, ದಿನಾ ನಡೆಸ್ರಿ ಅಂತ ಹೇಳಿ ಕಳಿಸಿದ್ರು. ನಾನೇ ನರ್ಸು, ನನಗೆ ಯಾರೇನು ಹೇಳೋದು ಅನ್ಕಂಡೆ. ಹೊಲಿಗೆ ಬಿಟ್ಟಾವು ಅಂತ ಡಬ್ಬೀನ ಪೆಟ್ಟಿಗೇಲಿಟ್ಟು ಬೀಗ ಹಾಕ್ದೆ. ಸ್ಟೇಷನ್ ತನಕ ಹೋಗಿ ಬರಾಣ ಏಕಾಂತಿ ಅನ್ನೋರು ದಿನಾ. ಬ್ಯಾಡ ಅನ್ನೋಳು ನಾನು ದಿನಾ. ಹದಿನೇಳನೇ ದಿನ ಒಂದು ಕಾಲು ಬಾತಿತ್ತು. ಬೇರೆಯೋರ ಕಾಲಾಗಿದ್ರೆ ಓಡೋಗ್ತಿದ್ದೆ. ಗಂಡನ ಕಾಲು ನೋಡಿ ಎಣ್ಣೆ ಹಚ್ಚಿ ಮಲಗಿಸ್ದೆ. ಕಾಲಲ್ಲಿ ಹೆಪ್ಪುಗಟ್ಟಿದ ರಕ್ತ ಎದೆಗೇರ್ತು, ಹೊರಟೇ ಹೋದ್ರು. ನನ್ನ ಪ್ರೀತೀನೇ ಅವರನ್ನ ತಿಂತು ಅಜ್ಜಿ."

ಎರಡು ವರ್ಷದಲ್ಲಿ ಆ ಮಾತನ್ನು ಅವರು ಬಾಯಿಬಿಟ್ಟು ಆಡಿದ್ದು ಅದೇ ಮೊದಲು. ದನಿ ನೆಟ್ಟಗಿತ್ತು.

ತಿಪ್ಪಕ್ಕ ಎದ್ದು ಗೂಡಿಗೆ ಕೈ ಮುಗಿದು ಡಬ್ಬಿಯನ್ನು ಇಳಿಸಿದಳು. ಕುಂಕುಮವನ್ನು ತನ್ನ ಸೆರಗಿನಲ್ಲೇ ಒರೆಸಿದಳು. ಕೊಳವೆಯ ತುದಿಯನ್ನು ಬಿಸಿನೀರಲ್ಲಿ ತೊಳೆಸಿ ಮಗನ ಮುಂದೆ ಹಿಡಿದಳು.

"ಎಂಜಲು ಮಾಡಪ್ಪ. ದೇವ್ರಿಗೆ ನಾನು ಹೇಳ್ಕಂತೀನಿ."

ಚಿತ್ತಪ್ಪ ಕಣ್ಣುಮುಚ್ಚಿ ಜೋರಾಗಿ ಊದಿದ. ಗೋಲಿಗಳು ಅಲುಗಲಿಲ್ಲ. "ಊದೋದಲ್ಲಪ್ಪ, ಒಳಕ್ಕೆಳಿ. ಬೀಡಿ ಎಳೆಯೋದು ಮರೆತುಹೋಯ್ತಾ?" ಎಂದರು ಏಕಾಂತಮ್ಮ. ಅವನು ಎಳೆದ. ಒಂದು ಗೋಲಿ ಅರ್ಧ ಎದ್ದು ಬಿತ್ತು. ಹತ್ತು ಸಲ ಎಳೆಯುವುದರೊಳಗೆ ಕೆಮ್ಮು ಒತ್ತರಿಸಿ ಬಂತು. ಕಂಬಳಿಯನ್ನು ಮಡಿಸಿ ಎದೆಗೆ ಅವುಚಿಕೊಡುತ್ತ "ಮರಿ ಅಪ್ಪಿಕೊಂಡಂಗೆ ಅಪ್ಪಿಕೊಂಡು ಕೆಮ್ಮು. ತಂತಿ ಎಲ್ಲಿಗೂ ಹೋಗಲ್ಲ" ಎಂದರು. ಅವನು ಕೆಮ್ಮಿದ, ತಂತಿ ಎಲ್ಲಿಗೂ ಹೋಗಲಿಲ್ಲ. ಕಫ ಬಂತು. ಸಂಜೆ ಹಿತ್ತಿಲ ಕುರಿರೊಪ್ಪದವರೆಗೆ ಇಪ್ಪತ್ತು ಹೆಜ್ಜೆ ನಡೆದ. ರಟ್ಟೆ ಹಿಡಿದು ಎತ್ತಲು ಹೋದ ನಾಗಕ್ಕನಿಗೆ ಒಂದು ಗದರಿಕೆಯೂ ಸಿಕ್ಕಿತು, ಹಾಗೆ ಎಳೆದರೇ ಹೊಲಿಗೆಗೆ ಅಪಾಯ. ನಾಲ್ಕನೆಯ ದಿನಕ್ಕೆ ಜ್ವರ ಬಿಟ್ಟಿತು. ತಿಂಗಳೊಳಗೆ ಎರಡು ಗೋಲಿಗಳು ಮೇಲೆದ್ದು ನಿಂತವು, ಅವನು ಕುರಿಯ ಹಿಂದೆ ಕೆರೆಯ ತನಕ ನಿಧಾನವಾಗಿ ಹೋಗಿಬರತೊಡಗಿದ.

ಅಂಥ ಒಂದು ಸಂಜೆ ತಿಪ್ಪಕ್ಕ ಕೇಳಿದಳು. "ಮೇಷ್ಟ್ರ ಡಬ್ಬಿ ಎಲ್ಲೈತಮ್ಮ?"

"ಪೆಟ್ಟಿಗೇಲೇ ಐತೆ."

"ನಮ್ದು ಒಂಬತ್ತು ದಿನ ಗೂಡಲ್ಲಿ ಕುಂತಿದ್ದಕ್ಕೆ ಬೀದಿ ಒಂದು ಮಾಡಿದ್ರಿ. ನಿಮ್ದು ಎರಡು ವರ್ಷದಿಂದ ಪೆಟ್ಟಿಗೇಲಿ ಕುಂತು ಯಾರನ್ನ ಕಾಯ್ತೈತೆ?"

ಏಕಾಂತಮ್ಮ ಚೀಲ ಹೆಗಲಿಗೇರಿಸಿ, ಯಾರನ್ನೂ ಗದರದೆ ಮನೆಯ ದಾರಿ ಹಿಡಿದರು. ಹಾಗಾದದ್ದು ಊರಿಗೂ ಹೊಸದು, ಅವರಿಗೂ ಹೊಸದು.

೨೦೦೭ರಲ್ಲಿ ನಿವೃತ್ತಿಯಾಗುವವರೆಗೆ, ಹಿರಿಯೂರು ಹೊಸದುರ್ಗದ ಕಡೆ ಎಲ್ಲೇ ಆಗಲಿ, ಎದೆ ಕೊಯ್ಸಿಕೊಂಡು ಬಂದವರಿದ್ದಾರೆ ಎಂದು ಕೇಳಿದರೆ ಅವರು ರಜೆಯ ದಿನ ಬಸ್ಸು ಹತ್ತಿ ಹೋಗುತ್ತಿದ್ದರು. ಉಸಿರೆಳೆಯುವುದನ್ನು ತೋರಿಸಿಕೊಡಲು ಅವರ ಚೀಲದಲ್ಲಿ ಯಾವಾಗಲೂ ಒಂದು ಹಳೆಯ ಡಬ್ಬಿ ಇರುತ್ತಿತ್ತು. ಅದು ಚೀಲ ಸೇರಿದ್ದು ತಿಪ್ಪಕ್ಕ ಆ ಮಾತು ಕೇಳಿದ ವಾರ.

ಆ ಭಾನುವಾರ ಅವರು ರಾಮಗಿರಿಗೆ ಹೋಗಿ ಮನೆಯ ಬೀಗ ತೆಗೆದರು. ಪೆಟ್ಟಿಗೆಯಲ್ಲಿ ಮೇಷ್ಟ್ರ ಪಂಚೆ, ಶಲ್ಯ, ಅವುಗಳ ಕೆಳಗೆ ಡಬ್ಬಿ. ಒಲೆಯ ಮೇಲೆ ನೀರು ಕಾದಿತ್ತು. ತೊಳೆಯಲೆಂದು ಕೊಳವೆಯನ್ನು ಕೈಗೆತ್ತಿಕೊಂಡವರಿಗೆ, ಇದನ್ನು ಕೊನೆಗೆ, ಆಸ್ಪತ್ರೆಯಲ್ಲಿ, ಬಾಯಲ್ಲಿಟ್ಟುಕೊಂಡವರು ಮೇಷ್ಟ್ರೇ ಅಲ್ಲವೇ ಎಂಬುದು ನೆನಪಾಯಿತು. ಹತ್ತೊಂಬತ್ತು ವರ್ಷ ಗಂಡ ಉಂಡ ತಟ್ಟೆಯಲ್ಲೇ ಉಂಡವರು ಏಕಾಂತಮ್ಮ. ಕೊಳವೆಯನ್ನು ತೊಳೆಯದೆ ಹಾಗೆಯೇ ಬಾಯಿಗಿಟ್ಟುಕೊಂಡು ಮೆಲ್ಲಗೆ ಉಸಿರೆಳೆದರು. ಒಂದು ಗೋಲಿ ಮೇಲೆದ್ದಿತು. ಅದು ನಿಂತಿರುವಷ್ಟು ಹೊತ್ತೂ ಎಳೆದರು, ಆಮೇಲೆ ಅಳು ಬಂದು ಗೋಲಿ ಬಿತ್ತು. ಅತ್ತು ಮುಗಿದ ಮೇಲೆ ಕೊಳವೆಯನ್ನು ಬಿಸಿನೀರಿಗೆ ಹಾಕಿ, ಚಪ್ಪಲಿ ಮೆಟ್ಟಿಕೊಂಡು, ಸ್ಟೇಷನ್ ತನಕ ನಡೆದು ಹೋಗಿ ಬಂದರು.