ಬಿಗಿ ಮುಚ್ಚಳದೊಳಗಿನ ಸಂಸಾರ

ಮುಚ್ಚಳ ತೆಗೆದದ್ದೇ ತಡ, ಡಬ್ಬಿಯಿಂದ ಹುಳಗಳು ಹೊರಬಿದ್ದು, ನನ್ನ ಮೊಮ್ಮಗಳನ್ನು ನೋಡಲು ಎಮ್ಮಿಗನೂರಿನಿಂದ ಆದೋನಿಗೆ ಬಂದಿದ್ದ ಹುಡುಗನ ತಾಯಿಯ ಹೊಸ ಸೀರೆಯ ಮೇಲೆ ಹರಿದಾಡತೊಡಗಿದವು. ನಮ್ಮ ಮನೆಯ ಶಿಸ್ತು ತೋರಿಸಲೆಂದು ಬೀಜದ ಅಲಸಂದಿಯ ಡಬ್ಬಿಯನ್ನು ನಾನೇ ಅವರ ಮುಂದೆ ತಂದಿಟ್ಟಿದ್ದೆ. ಕಾಳಿನೊಳಗೇ ಅಡಗಿ ಹೊಲದಿಂದ ಬಂದ ಹುಳಕ್ಕೆ ನನ್ನ ಬಿಗಿ ಮುಚ್ಚಳ ಏನು ಮಾಡೀತು? ಒಂದೊಂದು ಕಾಳಿಗೂ ತೂತು.

"ಹುಳ ಹತ್ತಬಾರದಂತ ಬೂದಿ ಬೆರೆಸ್ತೀನಿ ಅಂದ್ರ ಕಾಳು ಹೊಲಸಾಗ್ತಾವ ಅಂದ್ರಿ. ಈಗ ನೋಡ್ರಿ, ಎಷ್ಟು ಸ್ವಚ್ಛ ಅದಾವ!" ಎಂದಳು ನನ್ನ ಹೆಂಡತಿ, ಎಲ್ಲರಿಗೂ ಕೇಳುವಂತೆ.

ಮೊಮ್ಮಗಳಿಗೆ ಹುಡುಗ ಮೆಚ್ಚಿಗೆಯಾಗಿದ್ದ. ನನ್ನಿಂದಲೇ ಸಂಬಂಧ ತಪ್ಪಿತೆಂದು ಬೆವರಿದೆ. ಆ ತಾಯಿ ಸೀರೆ ಕೊಡವಿಕೊಂಡು ಡಬ್ಬಿಯೊಳಗೆ ಇಣುಕಿದರು.

"ಅಣ್ಣಾರ, ನಿಮ್ಮಂಥೋರ ಕಾವಲಿನಾಗ, ಉಸಿರಾಡಾಕ ಜಾಗ ಇಲ್ಲದ ಡಬ್ಬ್ಯಾಗ ಇವು ಸಂಸಾರ ಮಾಡ್ಯಾವ. ನಿಮ್ಮ ಕೈಯಾಗ ಬೆಳೆದ ಹುಡುಗಿ ನಮ್ಮ ಮನ್ಯಾಗ ಬಾಳ್ವಿ ಮಾಡಂಗಿಲ್ಲೇನು? ತಾಂಬೂಲ ತರ್ರಿ!"

ನಿಶ್ಚಿತಾರ್ಥದ ದಿನ ಅವರು ಬೂದಿ ಬೆರೆಸಿದ ಅಲಸಂದಿಯನ್ನು ನನಗೆಂದೇ ತಂದುಕೊಟ್ಟರು. ಅವರು ಹೋದ ಮೇಲೆ ಕನ್ನಡಕ ಹಾಕಿಕೊಂಡು ಹುಡುಕಿದೆ. ಒಂದೂ ಹುಳ ಸಿಗಲಿಲ್ಲ. ನಿಜ ಹೇಳಬೇಕೆಂದರೆ, ನನಗೆ ಬೇಸರವೇ ಆಯಿತು.