ರುದ್ರಯ್ಯನವರ ಉಕ್ಕಿನ ಪೆಟ್ಟಿಗೆ

ಮೈಮೇಲೆ ಬರುವುದು, ಶಕುನ, ಸತ್ತವರು ಕನಸಿನಲ್ಲಿ ಬಂದು ಹೇಳಿದ್ದು, ಇಂಥ ಮಾತು ಶುರುವಾದರೆ ನಾನು ಎದ್ದು ಅಡುಗೆಮನೆಗೆ ಹೋಗಿಬಿಡುತ್ತಿದ್ದೆ. ಎದುರು ಕೂತು ವಾದ ಮಾಡುವಷ್ಟೂ ಆಸಕ್ತಿ ನನಗಿರಲಿಲ್ಲ. ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿ ತುಮಕೂರಿನ ಮರಳೂರಿನಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟುಕೊಂಡಿದ್ದವಳು ನಾನು. ಯಂತ್ರ ಕೆಟ್ಟರೆ ಅದಕ್ಕೊಂದು ಕಾರಣ ಇರುತ್ತದೆ, ಸರಿಹೋದರೂ ಇರುತ್ತದೆ. ನನ್ನ ಕೆಲಸ ಕಲಿಸಿದ್ದು ಅಷ್ಟೇ. ಈಗಲೂ ನಾನು ಬದಲಾಗಿದ್ದೇನೆ ಎಂದು ಹೇಳಲಾರೆ. ಆದರೆ ಎರಡು ಸಾವಿರದ ಇಸವಿ ಕಳೆದು ನಾಲ್ಕೈದು ವರ್ಷಕ್ಕೆ ಗುಬ್ಬಿಯ ಒಂದು ಮನೆಯಲ್ಲಿ ಹಾಡಹಗಲೇ ನಡೆದದ್ದನ್ನು ಎಷ್ಟು ತಿರುಗಿಸಿ ನೋಡಿದರೂ ನನಗೆ ಕಾರಣ ಸಿಕ್ಕಿಲ್ಲ. ನಡೆದ ಹಾಗೆ ಬರೆಯುತ್ತೇನೆ, ನೀವೇ ನೋಡಿ.

ಗುಬ್ಬಿಯಲ್ಲಿ ರುದ್ರಯ್ಯ ಎನ್ನುವವರು ರಕ್ತ ಪರೀಕ್ಷೆಯ ಲ್ಯಾಬ್ ನಡೆಸುತ್ತಿದ್ದರು. ಮುಂದಿನ ಕೋಣೆಯಲ್ಲಿ ಲ್ಯಾಬ್, ಹಿಂದೆ ಮನೆ. ಅವರಿಗೆ ಒಂದು ಹಟವಿತ್ತು. ಸಾವಿರಾರು ಜನರಲ್ಲಿ ಒಬ್ಬರಿಗೆ ಸಿಗುವಂಥ ಅಪರೂಪದ ರಕ್ತದ ಗುಂಪಿನವರು ಎಲ್ಲಾದರೂ ಪತ್ತೆಯಾದರೆ ಅವರ ಹೆಸರು, ಫೋನ್ ನಂಬರ್ ಬರೆದಿಟ್ಟುಕೊಳ್ಳುವುದು. ಯಾರಿಗಾದರೂ ತುರ್ತು ಬಂದರೆ ತಾವೇ ಫೋನ್ ಮಾಡಿ ರಕ್ತ ಕೊಡಲು ಅವರನ್ನು ಒಪ್ಪಿಸುವುದು. ಹಿಂದೊಮ್ಮೆ ಆ ಪಟ್ಟಿ ಯಾರದೋ ಕೈಗೆ ಸಿಕ್ಕಿ, ರಕ್ತ ಮಾರಿಸುವ ದಲ್ಲಾಳಿಗಳು ಒಬ್ಬ ಹೆಣ್ಣುಮಗಳ ಮನೆಗೇ ಹೋಗಿ ಕಾಟ ಕೊಟ್ಟಿದ್ದರಂತೆ. ಅಂದಿನಿಂದ ಅವರು ಪಟ್ಟಿಯನ್ನು ಕಾಗದದಲ್ಲಿ ಇಡುವುದನ್ನೇ ಬಿಟ್ಟರು. ಬೆಂಗಳೂರಿನಿಂದ ಒಂದು ಉಕ್ಕಿನ ಪೆಟ್ಟಿಗೆ ತಂದರು. ಟಿಫನ್ ಡಬ್ಬಿಯಷ್ಟು ದೊಡ್ಡದು, ಒಳಗೊಂದು ಹಾರ್ಡ್ ಡಿಸ್ಕ್. ಅದರಲ್ಲಿ ಏನೇ ಬರೆದರೂ ಕಲಸಿಹೋದ ಅಕ್ಷರವಾಗಿ ಕೂರುತ್ತದೆ. ಬಿಡಿಸುವ ಕೀಲಿ ಅದೇ ಪೆಟ್ಟಿಗೆಯೊಳಗಿನ ಒಂದು ಚಿಪ್‌ನಲ್ಲಿರುತ್ತದೆ. ಮೇಲಿಂದ ಒಂದು ಪಾಸ್‌ವರ್ಡ್ ಬೇರೆ, ಅದು ಅವರೊಬ್ಬರಿಗೇ ಗೊತ್ತು.

ಇಲ್ಲಿ ಡ್ರೈವರ್ ಎಂದರೇನು ಎಂದು ಹೇಳಿಬಿಡಬೇಕು. ಕಂಪ್ಯೂಟರಿಗೆ ಹೊಸ ಸಾಮಾನು ಜೋಡಿಸಿದರೆ ಅದರ ಭಾಷೆ ಕಂಪ್ಯೂಟರಿಗೆ ತಿಳಿಯುವುದಿಲ್ಲ. ಇಬ್ಬರ ನಡುವೆ ಮಾತು ದಾಟಿಸುವ ಸಣ್ಣ ಪ್ರೋಗ್ರಾಂ ಒಂದು ಬೇಕು. ಅದೇ ಡ್ರೈವರ್. ಅದಿಲ್ಲದಿದ್ದರೆ ಆ ಪೆಟ್ಟಿಗೆ ಕಂಪ್ಯೂಟರಿನ ಪಾಲಿಗೆ ಬರೀ ಕಬ್ಬಿಣ.

ರುದ್ರಯ್ಯನವರಿಗೆ ಪಾರ್ಶ್ವವಾಯು ಹೊಡೆದು ಬಲಗೈ ಬಿತ್ತು, ಮಾತು, ಬರಹ ಎರಡೂ ನಿಂತವು. ಲ್ಯಾಬನ್ನು ಅವರ ಹೆಂಡತಿ ಗಿರಿಜಮ್ಮನವರೇ ಒಬ್ಬ ಟೆಕ್ನಿಷಿಯನ್ನನ್ನು ಇಟ್ಟುಕೊಂಡು ನಡೆಸತೊಡಗಿದರು. ಹಳೆಯ ಕಂಪ್ಯೂಟರ್ ಹೊಗೆಯಾಡಿ ನಿಂತಾಗ ಹೊಸದನ್ನು ಹಾಕಿಕೊಟ್ಟವಳು ನಾನು. ಹೊಸ ವಿಂಡೋಸ್ ಹಾಕಿದೆ, ಪ್ರಿಂಟರ್ ಸರಿಮಾಡಿದೆ, ಹಳೆಯದನ್ನು ಗುಜರಿಗೆ ಕೊಡಿಸಿದೆ. ಮೇಜಿನ ಮೂಲೆಯಲ್ಲಿದ್ದ ಉಕ್ಕಿನ ಪೆಟ್ಟಿಗೆ ನೋಡಿ, "ಇದನ್ನ ಆಮೇಲೆ ನೋಡೋಣ ಅಮ್ಮಾ" ಎಂದೆ. ಅದರಲ್ಲಿ ಏನಿದೆ ಎಂದು ಒಂದು ಮಾತು ಕೇಳಲಿಲ್ಲ. ರುದ್ರಯ್ಯನವರು ಒಳಗಿನ ಬಾಗಿಲಲ್ಲಿ ಕುರ್ಚಿಯ ಮೇಲೆ ಕೂತು ಎಡಗೈ ಎತ್ತಿ ಏನೋ ತೋರಿಸುತ್ತಲೇ ಇದ್ದರು. ನೀರು ಕೇಳುತ್ತಿದ್ದಾರೆ ಎಂದುಕೊಂಡೆ.

ಎರಡು ತಿಂಗಳ ಮೇಲೆ ಒಂದು ಬೆಳಿಗ್ಗೆ ಗಿರಿಜಮ್ಮನವರ ಫೋನ್ ಬಂತು. ಕುಣಿಗಲ್ಲಿನ ಆಸ್ಪತ್ರೆಯೊಂದರಲ್ಲಿ ಅಮೃತೂರು ಕಡೆಯ ಸವಿತಾ ಎಂಬ ಬಸುರಿ ಹೆಂಗಸು. ಆಗಲೇ ಒಂದು ಸಲ ರಕ್ತಸ್ರಾವವಾಗಿದೆ, ಆಪರೇಷನ್ ಮಾಡಲೇಬೇಕು. ಅವಳದು ಬಾಂಬೆ ಗುಂಪು ಎನ್ನುವ ರಕ್ತ. ಅದೇ ಗುಂಪಿನದಲ್ಲದೆ ಬೇರೆ ಯಾವುದನ್ನೂ ಕೊಡುವ ಹಾಗಿಲ್ಲ. ಬೆಂಗಳೂರಿನ ರಕ್ತನಿಧಿಗಳಲ್ಲೂ ಆ ದಿನ ಇರಲಿಲ್ಲ. ಅಲ್ಲಿನ ಡಾಕ್ಟರಿಗೆ ರುದ್ರಯ್ಯನವರ ಪಟ್ಟಿಯ ವಿಷಯ ಗೊತ್ತಿತ್ತು.

"ಪಟ್ಟಿ ಆ ಪೆಟ್ಟಿಗೇಲೇ ಐತೆ ಕಣಮ್ಮ. ಅವ್ರೂ ಅದನ್ನೇ ತೋರಿಸ್ತಾವ್ರೆ. ನೀನು ಬೇಗ ಬಾ" ಎಂದರು ಗಿರಿಜಮ್ಮ. ಅವರ ದನಿಯಲ್ಲಿ ನನ್ನ ಮೇಲೆ ಸಿಟ್ಟಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು.

ಅಂಗಡಿಯಲ್ಲಿದ್ದ ಸೀಡಿ, ಫ್ಲಾಪಿ ಎಲ್ಲವನ್ನೂ ಚೀಲಕ್ಕೆ ತುಂಬಿಕೊಂಡು ಗುಬ್ಬಿ ಬಸ್ಸು ಹತ್ತಿದೆ. ಲ್ಯಾಬಿನ ಬೆಂಚಿನ ಮೇಲೆ ಸವಿತಾಳ ಗಂಡ ಶಿವಣ್ಣ ಕೂತಿದ್ದ. ಮಡಿಸಿದ ಪಂಚೆಯಲ್ಲೇ ಮೋಟಾರ್ ಬೈಕ್ ಹತ್ತಿ ಬಂದಿದ್ದ ರೈತ. ನನ್ನನ್ನು ಕಂಡು ಎದ್ದು ನಿಂತ.

"ಆಯ್ತದಾ ಅಕ್ಕಾ?"

"ನೋಡ್ತೀನಿ ಕೂತ್ಕೊಳಿ" ಎಂದೆ.

ಪೆಟ್ಟಿಗೆಯ ಜೊತೆ ಬಂದಿದ್ದ ಡ್ರೈವರ್ ಫ್ಲಾಪಿಯನ್ನು ಗಿರಿಜಮ್ಮ ಬೀರುವಿನಿಂದ ಹುಡುಕಿ ತೆಗೆದರು. ಬೂಷ್ಟು ಹಿಡಿದಿತ್ತು. ಓದಲು ಹೋದರೆ ಕರಕರ ಎಂದು ನಿಂತುಬಿಟ್ಟಿತು. ಪೆಟ್ಟಿಗೆ ಜೋಡಿಸಿದರೆ ಮುಂದಿನ ದೀಪ ಕೆಂಪಗೆ ಉರಿಯಿತು. ತೆರೆದರೆ ಅದು ಹಸಿರಾಗಬೇಕು. ಕಂಪ್ಯೂಟರ್ ತೋರಿಸುವ ಸಾಮಾನುಗಳ ಪಟ್ಟಿಯಲ್ಲಿ 'ಗೊತ್ತಿಲ್ಲದ ಸಾಮಾನು' ಎಂದು ಹಳದಿ ಗುರುತು ಬಂತು. ಬಸ್ ನಿಲ್ದಾಣದ ಬಳಿಯ ಸೈಬರ್ ಕೆಫೆಗೆ ಓಡಿದೆ. ಪೆಟ್ಟಿಗೆ ಮಾಡಿದ ಕಂಪನಿಯ ವೆಬ್‌ಸೈಟೇ ಇರಲಿಲ್ಲ. ಬೆಂಗಳೂರಿನ ಎಸ್.ಪಿ. ರಸ್ತೆಯ ಕಂಪ್ಯೂಟರ್ ಅಂಗಡಿಯೊಂದರಲ್ಲಿದ್ದ ಗೆಳತಿಗೆ ಫೋನ್ ಮಾಡಿದರೆ, "ಆ ಕಂಪನಿ ಮುಚ್ಚಿ ಎರಡು ವರ್ಷ ಆಯ್ತು ಕಣೇ. ಡ್ರೈವರ್ ಮಾಡಿದ್ದೂ ಹಳೇ ವಿಂಡೋಸ್‌ಗೆ ಮಾತ್ರ. ಹೊಸದಕ್ಕೆ ಅವ್ರು ಮಾಡ್ಲೇ ಇಲ್ಲ" ಎಂದಳು.

ಮತ್ತೆ ಬಂದು ನನಗೆ ಗೊತ್ತಿದ್ದ ಎಲ್ಲವನ್ನೂ ಮಾಡಿದೆ. ಬೇರೆ ಡಿಸ್ಕುಗಳ ಡ್ರೈವರ್ ಹಾಕಿ ನೋಡಿದೆ, ಕೇಬಲ್ ಬದಲಿಸಿದೆ, ಮತ್ತೆ ಮತ್ತೆ ಆರಿಸಿ ಹಚ್ಚಿದೆ. ಕುಣಿಗಲ್ಲಿನಿಂದ ಎರಡು ಸಲ ಫೋನ್ ಬಂತು. ಎರಡನೆಯ ಸಲ ಮಾತಾಡಿ ಬಂದ ಶಿವಣ್ಣ ಬೆಂಚಿನ ಮೇಲೆ ಕೂರಲಿಲ್ಲ, ಬಾಗಿಲ ಹೊರಗೆ ಚಪ್ಪಲಿ ಬಿಡುವ ಜಾಗದಲ್ಲಿ ಕುಕ್ಕರುಗಾಲಲ್ಲಿ ಕೂತ. ನನ್ನ ಬೆನ್ನು ಅವನ ಕಡೆಗಿತ್ತು. ತಿರುಗಿ ನೋಡುವ ಧೈರ್ಯ ಬರಲಿಲ್ಲ.

ಮಧ್ಯಾಹ್ನ ಸುಮಾರು ಎರಡು ಗಂಟೆಯಾಗಿರಬೇಕು. ರುದ್ರಯ್ಯನವರು ಒಳಗಿನಿಂದ ಗಿರಿಜಮ್ಮನವರ ಹೆಗಲು ಹಿಡಿದು ಹೆಜ್ಜೆ ಎಳೆಯುತ್ತಾ ಬಂದರು. ನನ್ನ ಪಕ್ಕದ ಸ್ಟೂಲಿನ ಮೇಲೆ ಕೂತರು. ನಾನು, "ಸಾರ್, ತಪ್ಪು ನಂದು. ಅವತ್ತು ನೀವು ತೋರಿಸ್ತಿದ್ದದ್ದು ಇದನ್ನೇ ಅಂತ ಗೊತ್ತಾಗ್ಲಿಲ್ಲ. ಈಗ ಏನೂ ಮಾಡಕ್ಕಾಗ್ತಿಲ್ಲ" ಎಂದೆ. ಅವರು ನನ್ನ ಮುಖ ನೋಡಿದರು. ಬೇಸರವೇನೂ ಇರಲಿಲ್ಲ. ಎಡಗೈಯನ್ನು ನಿಧಾನವಾಗಿ ಎತ್ತಿ ಪೆಟ್ಟಿಗೆಯ ಮೇಲೆ ಇಟ್ಟರು, ಜ್ವರ ಬಂದವರ ಹಣೆ ಮುಟ್ಟಿ ನೋಡುವ ಹಾಗೆ.

ಕೆಂಪು ದೀಪ ಹಸಿರಾಯಿತು.

ಪರದೆಯ ಮೇಲೆ ಹೊಸ ಡ್ರೈವ್ ಒಂದು ಕಾಣಿಸಿಕೊಂಡಿತು. ಪಾಸ್‌ವರ್ಡ್ ಕೇಳಲಿಲ್ಲ. ತೆರೆದೆ. ಒಂದೇ ಒಂದು ಫೈಲು. ಅದನ್ನೂ ತೆರೆದೆ. ಗುಂಪು ಗುಂಪಾಗಿ ಹೆಸರುಗಳು, ಊರುಗಳು, ನಂಬರುಗಳು. ಮೊದಲು ಬರೆದುಕೊಂಡುಬಿಡೋಣ, ಆಮೇಲೆ ಕಾಪಿ ಮಾಡಿಕೊಂಡರಾಯಿತು ಎಂದು ಲ್ಯಾಬಿನ ರಿಪೋರ್ಟ್ ಹಾಳೆಯೊಂದರ ಹಿಂದೆ ಬಾಂಬೆ ಗುಂಪಿನ ಮೂರು ಹೆಸರನ್ನೂ ನಂಬರನ್ನೂ ಬರೆದೆ. ಗಿರಿಜಮ್ಮ ನನ್ನ ಹಿಂದೆ ನಿಂತು ಗಟ್ಟಿಯಾಗಿ ಓದಿದರು. ಶಿವಣ್ಣನೂ ಒಳಗೆ ಬಂದು ನೋಡಿದ. ಅಭ್ಯಾಸಬಲದಿಂದ ನಾನು ಸಾಮಾನುಗಳ ಪಟ್ಟಿ ತೆರೆದು ನೋಡಿದೆ. ಹಳದಿ ಗುರುತು ಇದ್ದ ಹಾಗೇ ಇತ್ತು. ಡ್ರೈವರ್ ಇಲ್ಲ, ಇದು ಗೊತ್ತಿಲ್ಲದ ಸಾಮಾನು, ಎಂದೇ ಕಂಪ್ಯೂಟರ್ ಹೇಳುತ್ತಿತ್ತು. ಪಕ್ಕದಲ್ಲೇ ಹೆಸರುಗಳು ತೆರೆದುಕೊಂಡಿದ್ದವು.

ಕಾಪಿ ಮಾಡಲೆಂದು ಫ್ಲಾಪಿ ಹಾಕುವಷ್ಟರಲ್ಲಿ ರುದ್ರಯ್ಯನವರ ಕೈ ಸೋತು ತೊಡೆಯ ಮೇಲೆ ಜಾರಿತು. ದೀಪ ಕೆಂಪಾಯಿತು. ಪರದೆಯಿಂದ ಎಲ್ಲವೂ ಹೋಯಿತು. ಅವರ ಕೈಯನ್ನು ಮತ್ತೆ ಎತ್ತಿ ಪೆಟ್ಟಿಗೆಯ ಮೇಲಿಟ್ಟೆವು. ಏನೂ ಆಗಲಿಲ್ಲ. ನನ್ನ ಕೈ ಇಟ್ಟೆ, ಒತ್ತಿದೆ, ಅಲುಗಾಡಿಸಿದೆ. ಇಲ್ಲ.

ಮೊದಲ ನಂಬರಿಗೆ ಫೋನ್ ಹೋಗಲಿಲ್ಲ. ಎರಡನೆಯದು ನಿಟ್ಟೂರಿನ ಒಬ್ಬ ದರ್ಜಿಯದು. ವಿಷಯ ಹೇಳಿದೆ. ಆತ ಒಂದೇ ಮಾತು ಕೇಳಿದ: "ರುದ್ರಯ್ಯೋರು ಹೇಳಿದ್ರಾ?"

ನಾನು ಪಕ್ಕಕ್ಕೆ ನೋಡಿದೆ. ಅವರು ಕಣ್ಣು ಮುಚ್ಚಿ ಗೋಡೆಗೆ ಒರಗಿದ್ದರು. "ಹೂಂ, ಅವ್ರೇ ಹೇಳಿದ್ದು" ಎಂದೆ.

"ಹಂಗಾದ್ರೆ ಬರ್ತೀನಿ ಬುಡಿ. ಎಲ್ಲಿಗ್ ಬರ್ಬೇಕು?"

ಶಿವಣ್ಣ ಬೈಕಿನಲ್ಲಿ ಅವನನ್ನು ತುಮಕೂರಿನ ರಕ್ತನಿಧಿಗೆ ಕರೆದೊಯ್ದ. ಮೂರನೆಯ ನಂಬರಿನ ಹೆಣ್ಣುಮಗಳೂ ಅಣ್ಣನ ಜೊತೆ ಅಲ್ಲಿಗೆ ಬಂದಳು. ಹೊತ್ತು ಮುಳುಗುವ ಮುಂಚೆ ಎರಡು ಚೀಲ ರಕ್ತ ಕುಣಿಗಲ್ ಮುಟ್ಟಿತು. ಸವಿತಾ ಉಳಿದಳು. ಹೆಣ್ಣು ಮಗು ಹುಟ್ಟಿತು.

ಎರಡು ವಾರ ಬಿಟ್ಟು ಮತ್ತೆ ಗುಬ್ಬಿಗೆ ಹೋದೆ. ಉಳಿದ ಹೆಸರುಗಳನ್ನು ಹೇಗಾದರೂ ತೆಗೆಯಬೇಕೆಂಬ ಆಸೆ. ರುದ್ರಯ್ಯನವರೂ ಬಂದು ಕೂತು ಕೈ ಇಟ್ಟರು. ದೀಪ ಕೆಂಪಗೇ ಇತ್ತು. ಆಮೇಲೆ ಹೆಚ್ಚು ದಿನ ಅವರು ಬದುಕಲಿಲ್ಲ. ಗಿರಿಜಮ್ಮನವರಿಗೆ ಇದರಲ್ಲಿ ಗೊಂದಲವೇ ಇಲ್ಲ. "ಅವ್ರಿಗೆ ಕೊಡ್ಬೇಕು ಅನ್ನಿಸ್ತು, ಕೊಟ್ರು. ನೀನ್ಯಾಕ್ ತಲೆ ಕೆಡಿಸ್ಕೊತೀಯ?" ಎನ್ನುತ್ತಾರೆ. ಅಷ್ಟಕ್ಕೇ ಸುಮ್ಮನಾಗುವುದು ನನ್ನಿಂದ ಆಗಲಿಲ್ಲ. ಒಳಗೆ ಸಡಿಲವಾಗಿದ್ದ ತಂತಿಗೆ ಕೈಯ ಭಾರ ಬಿದ್ದು ಸೇರಿಕೊಂಡಿರಬೇಕು ಎಂದುಕೊಂಡೆ. ಆದರೆ ತಂತಿ ಸೇರಿದರೆ ಡ್ರೈವರ್ ಹುಟ್ಟುವುದಿಲ್ಲ. ಪಟ್ಟಿಯ ಕಾಪಿಯೊಂದು ಹೊಸ ಕಂಪ್ಯೂಟರಿನಲ್ಲೇ ಎಲ್ಲೋ ಇದ್ದಿರಬಹುದೇ ಎಂದು ಅದನ್ನೂ ಜಾಲಾಡಿದೆ. ಇರಲಿಲ್ಲ.

ವರ್ಷದ ಮೇಲೆ, ಆ ಮುಚ್ಚಿದ ಕಂಪನಿಯಲ್ಲಿ ಕೆಲಸ ಮಾಡಿದ್ದ ಎಂಜಿನಿಯರ್ ಒಬ್ಬರು ಬೆಂಗಳೂರಿನಲ್ಲಿ ಇದ್ದಾರೆಂದು ಗೆಳತಿ ಪತ್ತೆ ಮಾಡಿದಳು. ಗಿರಿಜಮ್ಮನವರನ್ನು ಕೇಳಿ ಪೆಟ್ಟಿಗೆ ಎತ್ತಿಕೊಂಡು ಹೋದೆ, ನಡೆದದ್ದನ್ನೆಲ್ಲ ಅವರಿಗೆ ಹೇಳಿದೆ. ಅವರ ಬಳಿ ಹಳೆಯ ಕಂಪ್ಯೂಟರೂ ಇತ್ತು, ಡ್ರೈವರೂ ಇತ್ತು. ಜೋಡಿಸಿ ನೋಡಿದರು, ಸ್ಕ್ರೂ ಬಿಚ್ಚಿ ನೋಡಿದರು. ಒಳಗಿನ ಗುಂಡಿ ಬ್ಯಾಟರಿ ಸೋರಿ ಹಸಿರು ಕಿಲುಬು ಕಟ್ಟಿತ್ತು.

"ಮೇಡಂ, ಬ್ಯಾಟರಿ ಸತ್ತರೆ ಕೀಲಿ ಅಳಿಸಿಹೋಗ್ಬೇಕು, ಹಂಗೇ ಮಾಡಿದ್ದು ನಾವು. ಕಳ್ಳರ ಕೈಗೆ ಸಿಗಬಾರ್ದು ಅಂತ. ಅಳಿಸಿದ ದಿನಾನೂ ಇದು ಬರ್ಕೊಂಡಿರತ್ತೆ, ನೋಡಿ" ಎಂದು ಪರದೆ ತೋರಿಸಿದರು.

ಲೆಕ್ಕ ಹಾಕಿದೆ. ಆ ಮಧ್ಯಾಹ್ನಕ್ಕಿಂತ ಕೆಲವು ತಿಂಗಳು ಹಿಂದಿನ ದಿನ. ರುದ್ರಯ್ಯನವರಿಗೆ ಪಾರ್ಶ್ವವಾಯು ಹೊಡೆದ ವಾರ.

"ಒಳಗಿನ ಗಡಿಯಾರ ತಪ್ಪಿರಬಹುದಲ್ಲ?" ಎಂದೆ.

"ತಪ್ಪಿದೆ ಅಂತಾನೇ ಇಟ್ಕೊಳಿ. ಡ್ರೈವರ್ ಇಲ್ದೆ, ಪಾಸ್‌ವರ್ಡ್ ಇಲ್ದೆ ಹೆಂಗ್ ತೆರೆಯತ್ತೆ? ಇದನ್ನ ಕಟ್ಟಿದೋನು ನಾನೇ. ತೆರೆಯಲ್ಲ."

ಕೈಚೀಲದಿಂದ ಆ ರಿಪೋರ್ಟ್ ಹಾಳೆ ತೆಗೆದು ಮೇಜಿನ ಮೇಲಿಟ್ಟೆ. ನನ್ನದೇ ಕೈಬರಹದಲ್ಲಿ ಮೂರು ಹೆಸರು, ಮೂರು ನಂಬರು. ಅವರು ಅದನ್ನು ಎತ್ತಿಕೊಂಡು ಹಿಂದೆ ಮುಂದೆ ತಿರುಗಿಸಿ ನೋಡಿದರು. ಅವರು ತಿಳಿದದ್ದನ್ನು ಹೇಳಿದ್ದರು, ನಾನು ಕಂಡದ್ದನ್ನು ಹೇಳಿದ್ದೆ. ಇಬ್ಬರಲ್ಲಿ ಯಾರೂ ಸುಳ್ಳಾಡುತ್ತಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು. ಅದಕ್ಕಿಂತ ಮುಂದೆ ಅವತ್ತೂ ನಮಗೆ ಹೋಗಲಾಗಲಿಲ್ಲ, ಇವತ್ತೂ ನನಗೆ ಆಗಿಲ್ಲ.

ಅವರು ಒಂದೊಂದೇ ಸ್ಕ್ರೂ ಹಾಕಿ ಪೆಟ್ಟಿಗೆ ಮುಚ್ಚಿದರು. ಕೊಡುವ ಮುಂಚೆ, "ಆ ಮಗು ಹೇಗಿದೆ ಮೇಡಂ?" ಎಂದು ಕೇಳಿದರು.

"ನಡೀತಾಳೆ ಈಗ" ಎಂದೆ.