ಲಿಂಗಿಯ ಹಣೆಯ ಹಚ್ಚೆ

ಸ್ವಾತಂತ್ರ್ಯ ಬಂದ ಹೊಸತು, ಕೊಡಗು ತನ್ನಷ್ಟಕ್ಕೇ ಒಂದು ರಾಜ್ಯವಾಗಿದ್ದ ಕಾಲ. ಶ್ರೀಮಂಗಲದ ಹತ್ತಿರದ ಎಸ್ಟೇಟಿನ ಕೂಲಿ ಲೈನಿನಲ್ಲಿ ಲಿಂಗಿ ನನ್ನ ಪಕ್ಕದ ಮನೆಯವಳು. ಕಾಡಂಚಿನ ಬುಡಕಟ್ಟಿನವರ ಹಾಡಿಯಲ್ಲಿ ಹುಟ್ಟಿದವಳು. ಅವಳ ಹಣೆಯ ನಡುವೆ ಭತ್ತದ ತೆನೆಯಂಥ ಹಸಿರು ಹಚ್ಚೆ ಇತ್ತು. ಅವಳ ಕೂಸು ಚೋಮ ಹಾಲು ಕುಡಿಯುವಾಗ ಕೈಯೆತ್ತಿ ಅದನ್ನೇ ಸವರುತ್ತಿತ್ತು.

ಚೋಮನಿಗೆ ಜ್ವರ ಬಂದು ಕೈಮೀರಿತು. ಲೈನಿನ ಕ್ರೈಸ್ತರಿಗೆ ಧರ್ಮದ ಪಾಠ ಹೇಳುತ್ತಿದ್ದ ಉಪದೇಶಿಯವರು ಬಂದು ತಲೆಗೆ ನೀರು ಹಾಕಿ ದೀಕ್ಷೆ ಕೊಟ್ಟರು. ಕೂಸು ಉಳಿಯಲಿಲ್ಲ. ಚರ್ಚಿನ ಬೇಲಿಯೊಳಗೆ ಹೂತರು. ದೀಕ್ಷೆಯಾದವರಿಗೆ ಮಾತ್ರ ಅಲ್ಲಿ ಜಾಗ.

"ಅಕ್ಕಾ, ಸತ್ತ ಮೇಲೆ ನಾನೂ ಅವನ ಪಕ್ಕ ಮಲಗ್ಬೇಕು" ಎಂದು ಲಿಂಗಿ ಪಾಠಕ್ಕೆ ಹೋಗತೊಡಗಿದಳು. ಅವಳ ಜೊತೆಗೆಂದು ಹೋಗಿ ನಾನೂ ಬಾಗಿಲ ಬಳಿ ಕೂತು ಕೇಳುತ್ತಿದ್ದೆ.

ಒಂದು ದಿನ ಉಪದೇಶಿ ಹಳೇ ಕಾಲದ ಜಗಳವೊಂದನ್ನು ಹೇಳಿದರು. ಯೆಹೂದಿಗಳಲ್ಲದ ಜನ ಯೇಸುವನ್ನು ನಂಬಿ ಬಂದಾಗ, ಸುನ್ನತಿ ಮಾಡಿಸಿಕೊಳ್ಳದಿದ್ದರೆ ನೀವು ನಮ್ಮವರಲ್ಲ ಎಂದರಂತೆ ಕೆಲವರು. ಪೌಲನೆಂಬುವನು ಒಪ್ಪಲಿಲ್ಲವಂತೆ. ಮೈಮೇಲಿನ ಗುರುತಿನಲ್ಲಿ ಏನೂ ಇಲ್ಲ, ನಂಬಿಕೆ ಸಾಕು ಎಂದನಂತೆ.

"ಹಂಗಾದ್ರೆ ನನ್ನ ಹಚ್ಚೆ ಇರ್ಬೋದಾ ಸ್ವಾಮಿ?" ಎಂದಳು ಲಿಂಗಿ.

"ಅದು ಬೇರೆ, ಇದು ಬೇರೆ ಕಣಮ್ಮ. ಇದು ಹಾಡಿ ದೇವರ ಮುದ್ರೆ. ಅದನ್ನ ಹೊತ್ಕೊಂಡು ಒಳಗೆ ಹೆಂಗೆ ಬರ್ತೀಯ?"

"ಪಾತ್ರೆ ಮಸಿ ತಿಕ್ಕಿದಂಗೆ ತಿಕ್ಕು, ಹೋಗ್ತದೆ" ಎಂದು ಹಿಂದಿನಿಂದ ಯಾರೋ ನಕ್ಕರು.

ಲಿಂಗಿ ನಗಲಿಲ್ಲ. ಹಸಿ ಗೇರುಬೀಜ ಸುಟ್ಟು, ಸಿಪ್ಪೆಯಿಂದ ಸೋರಿದ ಎಣ್ಣೆಯನ್ನು ಹಣೆಗೆ ಹಚ್ಚಿಕೊಂಡಳು. ಚರ್ಮ ಬೆಂದು ಕೀವಾಯಿತು. ಕಣ್ಣು ಬಾತು ಮುಚ್ಚಿದವು. ನೋಡಲು ಬಂದ ತಾಯಿ ಎದೆ ಬಡಿದುಕೊಂಡಳು.

"ಸತ್ತ ಮೇಲೂ ಕೂಡೆ ಬರೋ ಒಡವೆ ಅದೊಂದೇ ಅಲ್ವೇನೇ! ಅಲ್ಲಿ ನಮ್ಮೋರು ನಿನ್ನ ಗುರುತು ಹೆಂಗೆ ಹಿಡೀತಾರೆ?"

ಹಾಗೆ ಹೋದವಳು ಮತ್ತೆ ಮಗಳ ಬಾಗಿಲಿಗೆ ಬರಲಿಲ್ಲ.

ಗಾಯ ಮಾಗಿದ ಮೇಲೆ ದೀಕ್ಷೆ ಕೊಡಲು ಪಾದ್ರಿ ಬಂದರು. ಹಣೆ ನೋಡಿ ಬೆಚ್ಚಿದರು. ಉಪದೇಶಿ ತಲೆ ತಗ್ಗಿಸಿದರು, ನಡೆದದ್ದನ್ನು ನಾನೇ ಹೇಳಿದೆ.

"ಇದನ್ನ ಯಾರು ಕೇಳಿದ್ರಮ್ಮ? ಹಚ್ಚೆ ಇದ್ರೂ ದೀಕ್ಷೆ ಕೊಡ್ತಿದ್ನಲ್ಲ!"

ಲಿಂಗಿ ಹಣೆ ಮುಟ್ಟಿಕೊಂಡಳು. ಆಮೇಲೆ ಮೆಲ್ಲಗೆ ಕೇಳಿದಳು: "ಸ್ವಾಮಿ, ನನ್ನ ಚೋಮಂಗೆ ನನ್ನ ಹಣೆ ಒಂದೇ ಗೊತ್ತಿದ್ದಿದ್ದು. ಅಲ್ಲಿ ಏನ್ ನೋಡಿ ಅವ್ವ ಅಂತಾನೆ?"

ಪಾದ್ರಿ ಬಟ್ಟಲು ಎತ್ತಿಕೊಂಡರು. ನೀರು ಹಾಕಿದರು.

ಅವಳು ಬಹಳ ಕಾಲ ಬದುಕಲಿಲ್ಲ. ಬೇಲಿಯೊಳಗೆ ಮಗನ ಪಕ್ಕದಲ್ಲೇ ಗುಂಡಿ ತೋಡಿದರು. ಹೆಣಕ್ಕೆ ಸ್ನಾನ ಮಾಡಿಸಿದಾಗ ನಾನು ಕಾಡಿಗೆ ತೆಗೆದುಕೊಂಡು ಹಣೆಯ ಮೇಲೆ ಆ ತೆನೆ ಬರೆಯಲು ನೋಡಿದೆ. ಸುಟ್ಟ ಕಲೆ ನುಣ್ಣಗಿತ್ತು. ಕಪ್ಪು ಹಿಡಿಯಲಿಲ್ಲ.